ಆರ್ಕಿಮಿಡೀಸನ ಊರಿಗೆ ಅಪ್ಪನನ್ನು ಕರೆದೊಯ್ಯಬೇಕು: ಸಿರಾಕೂಸಾಕ್ಕೆ ನಾಲ್ಕು ದಿನ ಸಾಕೇ?

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಹಾಸನದ ಬಳಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದ ನನ್ನ ತಂದೆಯವರು ಈ ಬೇಸಿಗೆಯಲ್ಲಿ ಜರ್ಮನಿಗೆ, ನಮ್ಮ ಮನೆಗೆ ಬರುತ್ತಿದ್ದಾರೆ. ಪ್ಯಾರಿಸ್ ನೋಡುತ್ತೀರಾ, ಆಲ್ಪ್ಸ್ ನೋಡುತ್ತೀರಾ ಎಂದು ಫೋನಿನಲ್ಲಿ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರ್ಕಿಮಿಡೀಸ್ ಇದ್ದ ಊರು ಈಗಲೂ ಇದೆಯೇನಮ್ಮಾ?" ಎಂದರು. ಇದೆ, ಅದು ಇಟಲಿಯ ಸಿಸಿಲಿ ದ್ವೀಪದ ಪೂರ್ವ ಕರಾವಳಿಯಲ್ಲಿದೆ, ಹೆಸರು ಸಿರಾಕೂಸಾ ಎಂದು ಹುಡುಕಿ ಹೇಳಿದ್ದೇ ತಡ, ಉಳಿದ ಊರುಗಳ ಮಾತೇ ಬಿದ್ದುಹೋಯಿತು.

ಆಗಸ್ಟ್ ಎರಡನೆಯ ವಾರದಲ್ಲಿ ನಾಲ್ಕು ದಿನ ಹೋಗಬೇಕೆಂದಿದ್ದೇವೆ. ಅಪ್ಪನಿಗೆ ಎಪ್ಪತ್ತನಾಲ್ಕು ವರ್ಷ. ಸಮತಟ್ಟಾದ ದಾರಿಯಲ್ಲಿ ಚೆನ್ನಾಗಿಯೇ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮೊಣಕಾಲು ಹಿಡಿದುಕೊಳ್ಳುತ್ತಾರೆ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಹಳೆಯ ಊರಾದ ಒರ್ತೀಜಾದಲ್ಲಿಯೇ ಉಳಿದುಕೊಳ್ಳಬೇಕೇ? ಕಾರು ಬಾಡಿಗೆಗೆ ಪಡೆಯಬೇಕೇ? ಒಂದು ಪ್ರವಾಸಿ ನಕ್ಷೆಯಲ್ಲಿ "ಆರ್ಕಿಮಿಡೀಸನ ಸಮಾಧಿ" ಎಂದು ಗುರುತು ಹಾಕಿದ್ದಾರೆ. ಅದು ನಿಜವೇ? ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉಪ್ಪುಗಾಳಿ
ನಾನು ಆರು ವರ್ಷಗಳಿಂದ ಸಿಸಿಲಿಯದೇ ಇನ್ನೊಂದು ಊರಾದ ಕತಾನಿಯಾದಲ್ಲಿದ್ದೇನೆ. ಮೊದಲ ಮಾತು: ಆಗಸ್ಟ್ ಬೇಡ. 2021ರ ಆಗಸ್ಟ್ 11ರಂದು ಸಿರಾಕೂಸಾದ ಹೊರವಲಯದಲ್ಲಿ 48.8 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದು ಯುರೋಪ್ ಖಂಡದ ದಾಖಲೆ ಎಂದು ವಿಶ್ವ ಹವಾಮಾನ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಪ್ರತಿ ವರ್ಷವೂ ಅಷ್ಟಾಗುತ್ತದೆ ಎಂದಲ್ಲ, ಆದರೆ ಆಫ್ರಿಕದ ಕಡೆಯಿಂದ ಸಿರೊಕ್ಕೊ ಗಾಳಿ ಎದ್ದ ದಿನ ಅಲ್ಲಿನ ಬಿಳಿಯ ಸುಣ್ಣಕಲ್ಲಿನ ಚೌಕಗಳ ಮೇಲೆ ನಡೆಯುವುದೆಂದರೆ ಕಾದ ಕಾವಲಿಯ ಮೇಲೆ ನಡೆದಂತೆ. ತಂದೆಯವರ ವೀಸಾ ಅವಧಿ ಒಪ್ಪಿದರೆ ಸೆಪ್ಟೆಂಬರ್ ಕೊನೆಗೆ ಹೋಗಿರಿ. ಸಮುದ್ರ ಆಗಲೂ ಬೆಚ್ಚಗಿರುತ್ತದೆ, ಜನಸಂದಣಿ ಇಳಿದಿರುತ್ತದೆ.

ಉಳಿದುಕೊಳ್ಳಲು ಒರ್ತೀಜಾವೇ ಸರಿ. ಅದು ಮುಖ್ಯ ಭೂಮಿಗೆ ಸೇತುವೆಗಳಿಂದ ಅಂಟಿಕೊಂಡಿರುವ ಪುಟ್ಟ ದ್ವೀಪ, ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಒಂದೇ ಕಿಲೋಮೀಟರ್. ಆ ಹೆಸರು ಲಾವಕ್ಕಿಗಿರುವ ಗ್ರೀಕ್ ಪದದಿಂದ ಬಂದದ್ದು. ಕತಾನಿಯಾ ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ರೈಲೂ ಇದೆ. ರೈಲಿನ ಕಿಟಕಿಯಿಂದ ಅಗುಸ್ತಾ ಮತ್ತು ಪ್ರಿಯೋಲೊ ಕಡೆಯ ತೈಲ ಶುದ್ಧೀಕರಣ ಘಟಕಗಳ ಚಿಮಣಿಗಳ ಸಾಲು ಕಾಣುತ್ತದೆ. ತಪ್ಪು ಊರಿಗೆ ಬಂದೆವೇನೋ ಎಂದು ಗಾಬರಿಯಾಗಬೇಡಿ.

ಅಪಸ್ವರ
ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ. ಆರ್ಕಿಮಿಡೀಸನಿಗಾಗಿ ಸಿರಾಕೂಸಾಕ್ಕೆ ಹೋದರೆ ನಿಮ್ಮ ತಂದೆಯವರಿಗೆ ನಿರಾಶೆಯಾಗುತ್ತದೆ. ಅವನ ಹೆಸರಿನ ಚೌಕವೊಂದಿದೆ, ಅದರ ನಡುವೆ ನಿಂತಿರುವುದು ಡಯಾನಾ ದೇವತೆಯ ಕಾರಂಜಿ. ಸೇತುವೆಯ ಬಳಿ ಈಚೆಗೆ ನಿಲ್ಲಿಸಿದ ಕಂಚಿನ ಪ್ರತಿಮೆಯೊಂದಿದೆ. ನಕ್ಷೆಯಲ್ಲಿ ಗುರುತಿಸಿದ "ಸಮಾಧಿ" ರೋಮನ್ನರ ಕಾಲದ್ದು, ಚಿತಾಭಸ್ಮದ ಪಾತ್ರೆಗಳನ್ನಿಡಲು ಬಂಡೆಯಲ್ಲಿ ಗೂಡುಗಳನ್ನು ಕೊರೆದ ಕೋಣೆ. ಆರ್ಕಿಮಿಡೀಸನಿಗೂ ಅದಕ್ಕೂ ಸಂಬಂಧವಿಲ್ಲ. ಗಣಿತದ ಮೇಷ್ಟ್ರನ್ನು ಅಷ್ಟು ದೂರ ಕರೆದೊಯ್ದು ಏನು ತೋರಿಸುತ್ತೀರಿ? ಅದರ ಬದಲು ಅರ್ಧ ಗಂಟೆಯ ದೂರದ ನೋತೊ ಊರಿನಲ್ಲಿ ಉಳಿಯಿರಿ. 1693ರ ಭೂಕಂಪದ ನಂತರ ಹೊಸದಾಗಿ ಕಟ್ಟಿದ ಜೇನುಬಣ್ಣದ ಊರು, ಒಂದು ಬೀದಿ ನೋಡಿದರೂ ಸಾರ್ಥಕ.

ಲೆಕ್ಕದ_ಹಲಗೆ
ಅಪಸ್ವರ ಅವರೇ, ಸಮಾಧಿ ಸುಳ್ಳು ಎಂಬುದು ನಿಜ. ಆದರೆ ಅದರ ಹಿಂದಿನ ಕತೆಯನ್ನು ನೀವು ನುಂಗಿಬಿಟ್ಟಿರಿ. ಕ್ರಿ.ಪೂ. 212ರಲ್ಲಿ ರೋಮನ್ನರು ಊರನ್ನು ಹಿಡಿದಾಗ ಸೈನಿಕನೊಬ್ಬನ ಕೈಯಲ್ಲಿ ಆರ್ಕಿಮಿಡೀಸ್ ಸತ್ತನು. ತನ್ನ ಗೋರಿಯ ಮೇಲೆ ಗೋಳ ಮತ್ತು ಅದನ್ನು ಸರಿಯಾಗಿ ಒಳಗೊಳ್ಳುವ ಸಿಲಿಂಡರ್ ಇರಬೇಕೆಂದು ಅವನೇ ಬಯಸಿದ್ದನಂತೆ, ಏಕೆಂದರೆ ಗೋಳದ ಘನಫಲವು ಆ ಸಿಲಿಂಡರಿನ ಮೂರರಲ್ಲಿ ಎರಡು ಪಾಲು, ತಳ ಮತ್ತು ಮುಚ್ಚಳ ಸೇರಿಸಿದರೆ ಮೇಲ್ಮೈಯೂ ಅದೇ ಎರಡು ಪಾಲು ಎಂಬ ತನ್ನ ಸಾಧನೆಯನ್ನೇ ಅವನು ಎಲ್ಲಕ್ಕಿಂತ ಹೆಚ್ಚಿನದೆಂದು ಭಾವಿಸಿದ್ದನು. ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ರೋಮನ್ ವಾಗ್ಮಿ ಸಿಸೆರೊ ಹೋಗಿ ವಿಚಾರಿಸಿದರೆ ಊರಿನವರು ಅಂಥ ಗೋರಿಯೇ ಇಲ್ಲ ಎಂದರು. ಮುಳ್ಳುಪೊದೆಗಳ ನಡುವೆ ಗೋಳ ಮತ್ತು ಸಿಲಿಂಡರು ಹೊತ್ತ ಸಣ್ಣ ಕಂಬವೊಂದು ಇಣುಕುತ್ತಿದ್ದುದನ್ನು ಕಂಡು, ಕುಡುಗೋಲು ತರಿಸಿ ದಾರಿ ಮಾಡಿಸಿ, ಅರ್ಧ ಸವೆದ ಬರಹವನ್ನು ಓದಿದೆನೆಂದು ಅವನೇ ಬರೆದಿದ್ದಾನೆ. ಆಮೇಲೆ ಅದು ಮತ್ತೆ ಕಳೆದುಹೋಯಿತು. ಸತ್ತು ನೂರೈವತ್ತು ವರ್ಷ ಕಳೆಯುವುದರೊಳಗೆ ಊರೇ ಮರೆತ ಮನುಷ್ಯನ ಹೆಸರನ್ನು ಹಾಸನದ ಮೇಷ್ಟ್ರು ಇಂದಿಗೂ ಕೇಳುತ್ತಾರಲ್ಲ, ಇದನ್ನು ನಿರಾಶೆ ಎನ್ನಲು ನನಗೆ ಮನಸ್ಸಿಲ್ಲ.

ಅವನ ಕೈಗುರುತು ಇರಬಹುದಾದ ಜಾಗವೊಂದು ಬೇಕೆಂದರೆ ಊರಿನಿಂದ ಏಳೆಂಟು ಕಿಲೋಮೀಟರ್ ದೂರದ ಯೂರಿಯಾಲೊ ಕೋಟೆಗೆ ಹೋಗಿ. ಊರಿನ ದೊರೆಯಾಗಿದ್ದ ಒಂದನೆಯ ಡಯೊನೀಸಿಯಸ್ ಕ್ರಿ.ಪೂ. 400ರ ಸುಮಾರಿಗೆ ಕಟ್ಟಿಸಿದ ಗೋಡೆಗಳ ತುದಿ ಅದು. ನಂತರದ ತಿದ್ದುಪಡಿಗಳಲ್ಲಿ ಆರ್ಕಿಮಿಡೀಸನ ಪಾತ್ರವಿದ್ದಿರಬಹುದು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ.

ಬಾಗಿಲ_ಚಿಲಕ
ಕನ್ನಡಿಗಳಿಂದ ಬಿಸಿಲನ್ನು ಹಾಯಿಸಿ ರೋಮನ್ ಹಡಗುಗಳನ್ನು ಸುಟ್ಟದ್ದು ಇದೇ ಊರಿನಲ್ಲಿ ಅಲ್ಲವೇ? ನಮ್ಮ ಏಳನೆಯ ತರಗತಿಯ ಮೇಷ್ಟ್ರು ಅದನ್ನು ಚಿತ್ರ ಬಿಡಿಸಿ ತೋರಿಸಿದ್ದರು.

ಲೆಕ್ಕದ_ಹಲಗೆ
ಊರು ಇದೇ, ಘಟನೆ ಮಾತ್ರ ನಡೆದಿಲ್ಲವೆನ್ನಬೇಕು. ಆ ಮುತ್ತಿಗೆಯ ಬಗ್ಗೆ ಬರೆದ ಪಾಲಿಬಿಯಸ್, ಲಿವಿ, ಪ್ಲುಟಾರ್ಕ್ ಮೂವರೂ ಕಲ್ಲೆಸೆಯುವ ಯಂತ್ರಗಳನ್ನೂ ಹಡಗಿನ ಮೂತಿ ಹಿಡಿದೆತ್ತುವ ಕಬ್ಬಿಣದ ಕೊಕ್ಕೆಯನ್ನೂ ವರ್ಣಿಸುತ್ತಾರೆ, ಕನ್ನಡಿಯ ಮಾತೆತ್ತುವುದಿಲ್ಲ. ಅದು ಶತಮಾನಗಳ ನಂತರ ಸೇರಿದ ಕತೆ. "ಯುರೇಕಾ" ಎಂದು ಬೆತ್ತಲೆ ಓಡಿದ್ದನ್ನೂ ನಮಗೆ ಹೇಳುವವನು ಸುಮಾರು ಇನ್ನೂರು ವರ್ಷಗಳ ನಂತರದ ರೋಮನ್ ಲೇಖಕ ವಿಟ್ರೂವಿಯಸ್.

ಬಾಗಿಲ_ಚಿಲಕ
ಬೆತ್ತಲೆ ಓಟವನ್ನಾದರೂ ಉಳಿಸಿಕೊಡಿ ಸ್ವಾಮಿ.

ಸುಣ್ಣಕಲ್ಲು
ನಾನು ವಾಸ್ತುಶಿಲ್ಪಿ. ಆರ್ಕಿಮಿಡೀಸನ ವಾದದಲ್ಲಿ ಎಲ್ಲರೂ ಒರ್ತೀಜಾದ ಮುಖ್ಯ ವಸ್ತುವನ್ನೇ ಬಿಟ್ಟಿದ್ದೀರಿ, ಅದು ಅಲ್ಲಿನ ಕತೀಡ್ರಲ್. ಮುಂಭಾಗವನ್ನು ನೋಡಿದರೆ ಹದಿನೆಂಟನೆಯ ಶತಮಾನದ ಸುರುಳಿ, ಕಂಬ, ಸಂತರ ಮೂರ್ತಿಗಳ ವೈಭವ. 1693ರ ಭೂಕಂಪದಲ್ಲಿ ಹಳೆಯ ಮುಖ ಬಿದ್ದದ್ದರಿಂದ ಆಂದ್ರೆಯಾ ಪಾಲ್ಮಾ ಎಂಬ ಶಿಲ್ಪಿ ಹೊಸದಾಗಿ ವಿನ್ಯಾಸ ಮಾಡಿದನು. ಇಷ್ಟನ್ನೇ ನೋಡಿ ಫೋಟೋ ತೆಗೆದುಕೊಂಡು ಹೊರಟುಹೋಗುವವರೇ ಬಹಳ. ಎಡಗಡೆಯ ಮಿನೆರ್ವಾ ಬೀದಿಗೆ ತಿರುಗಿ ನಾಲ್ಕು ಹೆಜ್ಜೆ ಹಾಕಿ. ಚರ್ಚಿನ ಪಕ್ಕದ ಗೋಡೆಯಲ್ಲಿ ಡೋರಿಕ್ ಎಂಬ ಗ್ರೀಕ್ ಶೈಲಿಯ ದಪ್ಪನೆಯ ಕಂಬಗಳು ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು ನಿಂತಿವೆ. ಅವು ಕ್ರಿ.ಪೂ. 480ರಲ್ಲಿ ಹಿಮೇರಾ ಯುದ್ಧ ಗೆದ್ದ ಈ ಊರಿನ ದೊರೆ ಗೆಲೋನನು ಕಟ್ಟಿಸಿದ ಅಥೀನಾ ದೇವಾಲಯದ ಕಂಬಗಳು. ಏಳನೆಯ ಶತಮಾನದಲ್ಲಿ ಅದನ್ನು ಚರ್ಚು ಮಾಡಿದವರು ಬಹಳ ಜಾಣತನದ ಕೆಲಸ ಮಾಡಿದರು: ಹೊರಸುತ್ತಿನ ಕಂಬಗಳ ನಡುವಿನ ತೆರಪುಗಳಿಗೆ ಗೋಡೆ ಕಟ್ಟಿ ಮುಚ್ಚಿದರು, ಒಳಗಿನ ಗರ್ಭಗೃಹದ ಗೋಡೆಗಳಲ್ಲಿ ಕಮಾನುಗಳನ್ನು ಕೊರೆದು ತೆರೆದರು. ಮುಚ್ಚಿದ್ದು ತೆರೆಯಿತು, ತೆರೆದದ್ದು ಮುಚ್ಚಿತು. ಸೂರು ಕೆಡವದೆ ದೇವಾಲಯ ಒಳಗುಹೊರಗಾಯಿತು. 878ರಲ್ಲಿ ಅರಬರು ಊರನ್ನು ಗೆದ್ದ ಮೇಲೆ ಅದು ಮಸೀದಿಯಾಗಿತ್ತೆಂದೂ, ನಾರ್ಮನ್ನರ ಕಾಲದಲ್ಲಿ ಮತ್ತೆ ಚರ್ಚಾಯಿತೆಂದೂ ಹೇಳುತ್ತಾರೆ. ಎರಡು ಸಾವಿರದ ಐನೂರು ವರ್ಷ ಬಿಡದೆ ಪೂಜೆ ಪ್ರಾರ್ಥನೆ ನಡೆದ ಕಟ್ಟಡ. ಆರ್ಕಿಮಿಡೀಸ್ ಈ ಕಂಬಗಳ ಪಕ್ಕದಲ್ಲಿ ನಡೆದಿರಲೇಬೇಕು, ಏಕೆಂದರೆ ಅವನು ಹುಟ್ಟುವ ವೇಳೆಗೇ ಅವು ನಿಂತು ಇನ್ನೂರು ವರ್ಷವಾಗುತ್ತ ಬಂದಿತ್ತು. ನಿಮ್ಮ ತಂದೆಯವರಿಗೆ ಮುಟ್ಟಿ ನೋಡಲು ಏನಾದರೂ ಬೇಕೆಂದರೆ ಇದು ಸಾಲದೇ?

ಅಪಸ್ವರ
ಸಾಲುತ್ತದೆ ಎಂದೇ ಇಟ್ಟುಕೊಳ್ಳೋಣ. ಅದಕ್ಕೆ ಒಂದು ಬೆಳಗ್ಗೆ ಸಾಕು. ಉಳಿದ ಮೂರೂವರೆ ದಿನ?

ಎಡತಿರುವು
ಕಾರಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ಓದಿದವರಾದರೂ ಬಚಾವಾಗಲಿ. ಒರ್ತೀಜಾ ಪೂರ್ತಿ ನಿರ್ಬಂಧಿತ ಸಂಚಾರ ವಲಯ. ಪ್ರವೇಶದಲ್ಲಿ ಕ್ಯಾಮೆರಾಗಳಿವೆ, ನಿರ್ಬಂಧದ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಫಲಕದಲ್ಲಿ "ವಾರ್ಕೊ ಅತ್ತೀವೊ" ಎಂದು ಬರೆದಿದ್ದರೆ ವಲಯ ಜಾರಿಯಲ್ಲಿದೆ, ಒಳಗೆ ಹೋಗಬಾರದು ಎಂದರ್ಥ. "ಆಕ್ಟಿವ್" ಎಂದರೆ ದಾರಿ ತೆರೆದಿದೆ ಎಂದು ನಾನು ತಿಳಿದು ಸಾಮಾನು ಇಳಿಸಲು ಎರಡು ಸಲ ಒಳಗೆ ಹೋದೆ. ಏಳು ತಿಂಗಳ ನಂತರ ಮನೆಗೆ ಎರಡು ದಂಡದ ಪತ್ರಗಳು ಬಂದವು. ನನ್ನ ವಿಳಾಸವನ್ನು ಪೊಲೀಸರಿಗೆ ತಿಳಿಸಿದ "ಸೇವೆ"ಗೆಂದು ಬಾಡಿಗೆ ಕಂಪನಿಯವರು ಬೇರೆ ಹಣ ಕಿತ್ತರು. ಕಾರು ಬೇಕೇ ಬೇಕೆಂದರೆ ದ್ವೀಪದ ಅಂಚಿನ ತಲೇತೆ ಪಾರ್ಕಿಂಗಿನಲ್ಲಿ ನಿಲ್ಲಿಸಿ ನಡೆದು ಹೋಗಿರಿ. ಭಾರತದ ಪರವಾನಗಿ ಇರುವವರು ಅಂತರರಾಷ್ಟ್ರೀಯ ಪರವಾನಗಿಯನ್ನೂ ಕಡ್ಡಾಯವಾಗಿ ಇಟ್ಟುಕೊಂಡಿರಬೇಕು.

ಉಪ್ಪುಗಾಳಿ
ಅವರು ಹೇಳಿದ್ದು ಅಕ್ಷರಶಃ ಸತ್ಯ. ನಾಲ್ಕು ದಿನಕ್ಕೆ ಕಾರು ಬೇಡವೇ ಬೇಡ. ಯೂರಿಯಾಲೊಗೆ ಟ್ಯಾಕ್ಸಿ ಮಾಡಿಕೊಳ್ಳಿ, ನೋತೊಗೆ ರೈಲು ಅಥವಾ ಬಸ್ಸು ಹಿಡಿಯಿರಿ. ಭಾನುವಾರ ಬಸ್ಸುಗಳು ಬಹಳ ಕಡಿಮೆ, ಆ ದಿನ ದೂರ ಹೋಗುವ ಯೋಜನೆ ಇಟ್ಟುಕೊಳ್ಳಬೇಡಿ.

ತುಪ್ಪದ_ಗಿಂಡಿ
ಊಟದ ವಿಷಯಕ್ಕೆ ಯಾರೂ ಬಂದಿಲ್ಲವಾದ್ದರಿಂದ ನಾನು ಬರುತ್ತೇನೆ. ಸಿಸಿಲಿಯಲ್ಲಿ ಸಸ್ಯಾಹಾರಿ ಉಪವಾಸ ಬೀಳುವುದಿಲ್ಲ, ಆದರೆ ಎಚ್ಚರ ತಪ್ಪಿದರೆ ಮೀನು ತಿನ್ನುತ್ತಾನೆ. ಉಪ್ಪಿನಲ್ಲಿಟ್ಟ ಸಣ್ಣ ಮೀನನ್ನು ಅವರು ಮೀನೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾವು ಇಂಗು ಹಾಕಿದಂತೆ ಹಾಕಿಬಿಡುತ್ತಾರೆ. "ಸೆಂಜಾ ಕಾರ್ನೆ, ಸೆಂಜಾ ಪೆಶೆ, ಸೆಂಜಾ ಅಚ್ಚೂಗೆ" ಎಂದು ಮೂರನ್ನೂ ಬಿಡಿಸಿ ಹೇಳಬೇಕು: ಮಾಂಸ ಬೇಡ, ಮೀನು ಬೇಡ, ಆ ಸಣ್ಣ ಮೀನೂ ಬೇಡ. ಬದನೆಕಾಯಿ ಮತ್ತು ಟೊಮೇಟೊದ ಪಾಸ್ತಾ ಅಲ್ಲಾ ನೋರ್ಮಾ, ಬದನೆಕಾಯಿಗೆ ಸೆಲರಿ, ಆಲಿವ್, ವಿನಿಗರ್, ಸಕ್ಕರೆ ಹಾಕಿ ಮಾಡುವ ಕಪೊನಾತಾ, ಕಡಲೆಹಿಟ್ಟನ್ನು ಕಾಯಿಸಿ ಹರಡಿ ಕತ್ತರಿಸಿ ಕರಿಯುವ ಪನೆಲ್ಲೆ, ಇವು ಮೂರೂ ನಿಮ್ಮ ತಂದೆಯವರಿಗೆ ಹಿಡಿಸುತ್ತವೆ. ಪನೆಲ್ಲೆ ಮೂಲತಃ ಪಲೆರ್ಮೊದ್ದು, ಇಲ್ಲಿಯೂ ಕೆಲವೆಡೆ ಸಿಗುತ್ತದೆ. ಕನ್ನೋಲಿ ಎಂಬ ಕರಿದ ಕೊಳವೆಯಾಕಾರದ ಸಿಹಿತಿಂಡಿಯ ಕವಚಕ್ಕೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಬಳಸುತ್ತಾರೆ, ಕೇಳದೆ ತಿನ್ನಬೇಡಿ. ಪಾಸ್ತಾ ತಾಜಾ ಎಂದರೆ ಮೊಟ್ಟೆ ಇರಬಹುದು, ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೆಳಗಿನ ತಿಂಡಿಗೆ ಬಾದಾಮಿಯ ಗ್ರನೀತಾ, ಅಂದರೆ ಪುಡಿಮಂಜಿನಂಥ ತಣ್ಣನೆಯ ಸಿಹಿ, ತಪ್ಪಿಸಬೇಡಿ. ಜೊತೆಗೆ ಕೊಡುವ ಬ್ರಿಯೋಶ್ ಬನ್ನಿನಲ್ಲಿ ಮೊಟ್ಟೆ ಇರುತ್ತದೆ, ಅದನ್ನು ನೀವು ತಿನ್ನಿ.

ಗದಗಿನ_ಗಾಳಿ
ಡಿಸೆಂಬರ್ 13ರ ಸಂತ ಲೂಸಿಯಾ ಹಬ್ಬಕ್ಕೆ ನಾನು ಅಲ್ಲಿದ್ದೆ. ಆ ದಿನ "ಕುಚ್ಚೀಯಾ" ಎಂದು ಬಟ್ಟಲಲ್ಲಿ ತಂದಿಟ್ಟರು. ಇಡೀ ಗೋಧಿಯನ್ನು ನೆನೆಸಿ ಬೇಯಿಸಿ ರಿಕೊತ್ತಾ ಗಿಣ್ಣು ಮತ್ತು ಸಿಹಿ ಬೆರೆಸಿದ ಪದಾರ್ಥ. ಬರಗಾಲದಲ್ಲಿ ಗೋಧಿಯ ಹಡಗು ಬಂದಾಗ ಹಿಟ್ಟು ಬೀಸುವಷ್ಟು ತಾಳ್ಮೆಯಿಲ್ಲದೆ ಜನ ಹಾಗೆಯೇ ಬೇಯಿಸಿ ತಿಂದರೆಂಬ ಕತೆಯನ್ನೂ ಹೇಳಿದರು. ನಾನು ಒಂದು ಚಮಚ ಬಾಯಿಗಿಟ್ಟು, ಇದು ನಮ್ಮವ್ವ ಮಾಡುವ ಗೋಧಿ ಹುಗ್ಗಿ ಎಂದೆ. ಬೆಲ್ಲ ಮತ್ತು ಏಲಕ್ಕಿ ಇಲ್ಲದ ಬಡ ಹುಗ್ಗಿ, ಅಷ್ಟೇ ವ್ಯತ್ಯಾಸ.

ತುಪ್ಪದ_ಗಿಂಡಿ
ತುಪ್ಪವೂ ಇಲ್ಲ. ಹುಗ್ಗಿ ಎನ್ನುವುದು ಸ್ವಲ್ಪ ಹೆಚ್ಚಾಯಿತು.

ಜೊಂಡುಹುಲ್ಲು
ಅಪಸ್ವರ ಅವರು ಕೇಳಿದ ಮೂರೂವರೆ ದಿನಕ್ಕೆ ನನ್ನ ಉತ್ತರ. ಒಂದು ಸಂಜೆ ಅರೆತೂಸಾ ಬುಗ್ಗೆಯ ಬಳಿ ಕುಳಿತುಕೊಳ್ಳಿ. ಸಮುದ್ರಕ್ಕೆ ಒಂದು ಗೋಡೆಯಷ್ಟೇ ಅಂತರದಲ್ಲಿ ನೆಲದಿಂದ ನೀರು ಉಕ್ಕುತ್ತದೆ, ಕೊಳದ ನಡುವೆ ಪಪೈರಸ್ ಜೊಂಡು ತಲೆ ಕೆದರಿಕೊಂಡು ನಿಂತಿದೆ, ಅದರ ಸಂದಿಯಲ್ಲಿ ಬಾತುಕೋಳಿಗಳು. ಗ್ರೀಸಿನ ಅಲ್ಫಿಯಸ್ ನದಿ ಅರೆತೂಸಾ ಎಂಬ ಅಪ್ಸರೆಯನ್ನು ಅಟ್ಟಿಸಿಕೊಂಡು ಕಡಲಡಿಯಲ್ಲಿ ಹರಿದು ಇಲ್ಲಿ ಮೇಲೆದ್ದಿತು ಎಂಬುದು ಪುರಾಣ. 1798ರಲ್ಲಿ ನೈಲ್ ಯುದ್ಧಕ್ಕೆ ಹೊರಟ ನೆಲ್ಸನ್ನನ ಹಡಗುಗಳು ಕುಡಿಯುವ ನೀರು ತುಂಬಿಸಿಕೊಂಡದ್ದು ಇದೇ ಊರಿನಲ್ಲಿ. ಪಪೈರಸ್ ಹಾಳೆ ಮಾಡುವ ಸಣ್ಣ ಅಂಗಡಿಗಳೂ ಇವೆ. ದಂಟನ್ನು ತೆಳುವಾಗಿ ಸೀಳಿ, ಅಡ್ಡಕ್ಕೊಂದು ಉದ್ದಕ್ಕೊಂದು ಹರಡಿ, ಒತ್ತಿ ಒಣಗಿಸುತ್ತಾರೆ.

ಇನ್ನೊಂದು ದಿನ ಪೂರ್ತಿಯಾಗಿ ಪ್ರಾಚೀನ ಅವಶೇಷಗಳಿರುವ ನೆಯಾಪೊಲಿಸ್ ಉದ್ಯಾನಕ್ಕೆ ಬೇಕು. ಬಂಡೆಯಲ್ಲೇ ಕೆತ್ತಿದ ಗ್ರೀಕ್ ರಂಗಮಂದಿರ ಅಲ್ಲಿದೆ, 1914ರಿಂದ ಅಲ್ಲಿ ಪ್ರಾಚೀನ ನಾಟಕಗಳ ಪ್ರಯೋಗ ನಡೆದುಬಂದಿದೆ. ಬೇಸಿಗೆಯ ನಾಟಕಗಳ ಕಾಲದಲ್ಲಿ ಕಲ್ಲಿನ ಸಾಲುಗಳ ಮೇಲೆ ಮರದ ಹಲಗೆ ಹೊದಿಸಿರುತ್ತಾರೆ, ಸೆಪ್ಟೆಂಬರಿನಲ್ಲಿ ಕಲ್ಲನ್ನೇ ನೋಡಬಹುದು. ಪಕ್ಕದಲ್ಲಿಯೇ ಕಲ್ಲುಗಣಿಗಳು. ಕ್ರಿ.ಪೂ. 413ರಲ್ಲಿ ಸೋತ ಅಥೆನ್ಸಿನ ಏಳು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಈ ಊರಿನ ಕಲ್ಲುಗಣಿಗಳಿಗೆ ತಳ್ಳಿ, ದಿನಕ್ಕೆ ಒಂದು ಬಟ್ಟಲು ನೀರು, ಎರಡು ಬಟ್ಟಲು ಧಾನ್ಯ ಕೊಟ್ಟರೆಂದು ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಯೂರಿಪಿಡೀಸನ ನಾಟಕದ ಸಾಲುಗಳನ್ನು ಬಾಯಿಪಾಠ ಹೇಳಿ ಬಿಡುಗಡೆ ಪಡೆದವರೂ ಇದ್ದರೆಂದು ಪ್ಲುಟಾರ್ಕ್ ಹೇಳುತ್ತಾನೆ. ಈಗ ಅಲ್ಲಿ ನಿಂಬೆ, ಕಿತ್ತಳೆ ಗಿಡಗಳ ನೆರಳು.

ಮೊಣಕಾಲಿನ ವಿಷಯ: ಯಹೂದ್ಯರ ಹಳೆಯ ಕೇರಿಯಾದ ಜುದೆಕ್ಕಾ ಬೀದಿಗಳ ಕಡೆ ನೆಲದಿಂದ ಹದಿನೆಂಟು ಮೀಟರ್ ಆಳದಲ್ಲಿರುವ ಯಹೂದ್ಯರ ಹಳೆಯ ಸ್ನಾನಕೊಳಕ್ಕೆ ತಂದೆಯವರನ್ನು ಇಳಿಸಬೇಡಿ. ಇಳಿದವರು ಹತ್ತಲೇಬೇಕಲ್ಲ.

ಅಪಸ್ವರ
ಇಟಲಿಯ ಚಿತ್ರಕಾರ ಕರವಾಜ್ಜೊ ಬಿಡಿಸಿದ ಸಂತ ಲೂಸಿಯಾಳ ಸಮಾಧಿಯ ಚಿತ್ರವನ್ನು ಮರೆತಿರಿ. 1608ರದ್ದು. ನನಗೆ ಆ ಊರಿನಲ್ಲಿ ನಿಜವಾಗಿ ಮೆಚ್ಚುಗೆಯಾದದ್ದು ಅದೊಂದೇ. ಅರ್ಧಕ್ಕಿಂತ ಹೆಚ್ಚು ಕ್ಯಾನ್ವಾಸು ಬರಿಯ ಕಂದು ಗೋಡೆ, ಕೆಳಗೆ ಗುಂಡಿ ತೋಡುವ ಇಬ್ಬರು ದಾಂಡಿಗರು, ಅವರ ನಡುವೆ ಸಣ್ಣ ದೇಹ. ಅದು ಎರಡು ಚರ್ಚುಗಳ ನಡುವೆ ಓಡಾಡಿದ ಚಿತ್ರ, ಈಗ ಎಲ್ಲಿದೆ ಎಂದು ಕೇಳಿಕೊಂಡೇ ಹೋಗಿರಿ.

ಸುಣ್ಣಕಲ್ಲು
ಅಪಸ್ವರ ಅವರು ಒಂದನ್ನಾದರೂ ಮೆಚ್ಚಿದ್ದಾರೆ ಎಂಬುದನ್ನು ದಾಖಲಿಸುತ್ತಿದ್ದೇನೆ.

ಹೇಮಾವತಿ_ದಂಡೆ
ಹೋಗಿಬಂದೆವು. ಉಪ್ಪುಗಾಳಿಯವರ ಮಾತಿನಂತೆ ಸೆಪ್ಟೆಂಬರ್ ಕೊನೆಯ ವಾರಕ್ಕೆ ಮುಂದೂಡಿದೆವು, ಕಾರನ್ನು ಬಿಟ್ಟೆವು. ಬರೆಯಲು ತಡವಾದದ್ದಕ್ಕೆ ಕ್ಷಮೆಯಿರಲಿ.

ಸಮಾಧಿಯೆನ್ನುವ ಜಾಗವನ್ನು ಅಪ್ಪ ಬೇಲಿಯ ಹೊರಗಿನಿಂದ ನೋಡಿ, "ಗೋಳವೂ ಇಲ್ಲ, ಸಿಲಿಂಡರೂ ಇಲ್ಲ, ನಡಿ" ಎಂದರು. ಅಷ್ಟರಲ್ಲೇ ಮುಗಿಯಿತು. ಮಿನೆರ್ವಾ ಬೀದಿಯಲ್ಲಿ ಮಾತ್ರ ಅವರನ್ನು ಎಬ್ಬಿಸಲು ಮುಕ್ಕಾಲು ಗಂಟೆ ಬೇಕಾಯಿತು. ಮೊದಲು ಕಂಬದ ಗೀರಿನೊಳಗೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದರು. ಆಮೇಲೆ ಗೋಡೆಯ ಹೊರಗೆ ಕಾಣುವ ಗೀರುಗಳನ್ನು ಎಣಿಸತೊಡಗಿದರು. ಒಂಬತ್ತು ಸ್ಪಷ್ಟವಾಗಿ ಸಿಕ್ಕವು, ಹತ್ತನೆಯದರ ಅರ್ಧ ಗಾರೆಯಲ್ಲಿ ಮುಚ್ಚಿತ್ತು. "ಸುತ್ತಲೂ ಸಮನಾಗಿದ್ದರೆ ಇಪ್ಪತ್ತರ ಹತ್ತಿರ ಇರಬೇಕು" ಎಂದು ಹೇಳಿ, ಇನ್ನೊಂದು ಕಂಬದ ಬಳಿ ಹೋಗಿ ಮತ್ತೆ ಮೊದಲಿನಿಂದ ಎಣಿಸಿದರು. ಎದುರಿನ ಮನೆಯ ಅಜ್ಜಿ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಏನನ್ನೋ ಕೇಳಿದರು, ನಮಗೆ ತಿಳಿಯಲಿಲ್ಲ. ಅಪ್ಪ ಎರಡು ಕೈಗಳ ಬೆರಳುಗಳನ್ನು ಎರಡು ಸಲ ಬಿಚ್ಚಿ ತೋರಿಸಿದರು. ಅವರು ತಲೆಯಾಡಿಸಿದರು.

ಕಲ್ಲುಗಣಿಗಳಲ್ಲಿರುವ ಡಯೊನೀಸಿಯಸನ ಕಿವಿ ಎಂಬ ಎತ್ತರದ ಗುಹೆಯಲ್ಲಿ ಒಂದು ಫ್ರೆಂಚ್ ಗುಂಪು ಹಾಡಿ ಪ್ರತಿಧ್ವನಿ ಕೇಳಿ ಹೊರಟಿತು. ಅವರು ಅತ್ತ ಹೋಗುತ್ತಿದ್ದಂತೆ ಅಪ್ಪ ಗಂಟಲು ಸರಿಮಾಡಿಕೊಂಡು ಹತ್ತೊಂಬತ್ತರ ಮಗ್ಗಿಯನ್ನು ಶುರುಮಾಡಿದರು. ಹತ್ತೊಂಬತ್ತೈದಲಿ ತೊಂಬತ್ತೈದು ಎನ್ನುವ ಹೊತ್ತಿಗೆ ಹತ್ತೊಂಬತ್ನಾಲ್ಕಲಿ ಎಪ್ಪತ್ತಾರು ಇನ್ನೂ ಗೋಡೆಯ ಮೇಲೆಲ್ಲೋ ತಿರುಗುತ್ತಿತ್ತು. ಅಥೆನ್ಸಿನ ಸೆರೆಯಾಳುಗಳ ಕತೆಯನ್ನು ಆಮೇಲೆ ಹೇಳಿದೆ. "ನನ್ನ ಮಗ್ಗಿಗೆ ಅವರು ಬಿಡುಗಡೆ ಕೊಡುತ್ತಿರಲಿಲ್ಲ ಬಿಡು" ಎಂದರು.

ಊಟದಲ್ಲಿ ಒಂದೇ ಸಲ ಎಡವಿದೆವು. ಮೂರೂ "ಸೆಂಜಾ" ಹೇಳಿದ್ದರೂ ಬ್ರೆಡ್ಡಿನ ಮೇಲಿನ ಗೊಜ್ಜಿನಲ್ಲಿ ಸಣ್ಣ ಮೀನಿತ್ತು, ನಾನು ಮೊದಲು ರುಚಿ ನೋಡಿದ್ದರಿಂದ ಅಪ್ಪ ಪಾರಾದರು. ಕಪೊನಾತಾವನ್ನು "ಬದನೆಕಾಯಿ ಹುಳಿಸಿಹಿ ಗೊಜ್ಜು" ಎಂದು ಹೆಸರಿಟ್ಟು ಮೂರು ದಿನ ತಿಂದರು.

ಲೆಕ್ಕದ_ಹಲಗೆ
ಯೂರಿಯಾಲೊಗೆ ಹೋದಿರಾ? ಅದನ್ನು ಹೇಳಲೇ ಇಲ್ಲ.

ಹೇಮಾವತಿ_ದಂಡೆ
ಟ್ಯಾಕ್ಸಿಯಲ್ಲಿ ಹೋದೆವು, ಗೇಟು ಮುಚ್ಚಿತ್ತು. ಹೊರಗಿನ ದಿಬ್ಬದಿಂದ ಗೋಡೆಯ ಸಾಲು ನೋಡಿಕೊಂಡು ಬಂದೆವು. ಹೋಗುವವರು ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ.

ಸುಣ್ಣಕಲ್ಲು
ಮೇಡಂ, ನಿಮ್ಮ ತಂದೆಯವರಿಗೆ ತಿಳಿಸಿ: ಡೋರಿಕ್ ಕಂಬಕ್ಕೆ ಸಾಮಾನ್ಯವಾಗಿ ಇಪ್ಪತ್ತೇ ಗೀರುಗಳಿರುತ್ತವೆ.

ಹೇಮಾವತಿ_ದಂಡೆ
ತಿಳಿಸಿದೆ. "ಸಾಮಾನ್ಯವಾಗಿ ಎಂದರೆ ಏನರ್ಥ, ಇದಕ್ಕೆ ಎಷ್ಟು ಎಂದು ಕೇಳು" ಎನ್ನುತ್ತಿದ್ದಾರೆ.

ಅಪಸ್ವರ
ನೋತೊಗೆ ಹೋಗಲಿಲ್ಲವೇ?

ಹೇಮಾವತಿ_ದಂಡೆ
ಹೋದೆವು ಸರ್. ಊರು ಬಹಳ ಚೆಂದ. ಕತೀಡ್ರಲಿನ ಮುಂದಿನ ಅಗಲವಾದ ಮೆಟ್ಟಿಲುಗಳನ್ನು ಅಪ್ಪ ಕೆಳಗೆ ನಿಂತೇ ಎಣಿಸಿದರು.